ಪಡಸಾಲೆಯ ಗೋಡೆಗೆ ಕಿವಿ

ಕಳೆದ ದೀಪಾವಳಿಗೆ ಬೆಂಗಳೂರಿನಿಂದ ಬಂದ ಮಗ ಈ ಸಲ ಪಂಚೆ ತರಲಿಲ್ಲ. ಒಂದು ಸುರುಳಿ ಕಾಗದ ತಂದು ಕೈಗಿಟ್ಟ. "ಅಪ್ಪಾ, ನಿಮ್ಮ ಗೋಡೆ ಖಾಲಿ ಇದೆಯಲ್ಲ, ಹಾಕಿಕೊಳ್ಳಿ" ಎಂದ. ಬಿಚ್ಚಿ ನೋಡಿದೆ. ಕೆಂಪು ಅಂಚಿನ ಒಂದು ವ್ಯಂಗ್ಯಚಿತ್ರ. ಇಬ್ಬರು ಕುಳಿತು ಹರಟುತ್ತಿದ್ದಾರೆ. ಅವರ ಹಿಂದಿನ ಗೋಡೆಗೆ ಬಣ್ಣದ ಕಾಗದ ಅಂಟಿಸಿದೆ. ಆ ಕಾಗದದಲ್ಲಿ ಹೂವು ಬಳ್ಳಿ ಇರಬೇಕಾದ ಕಡೆಯೆಲ್ಲ ಒಂದೇ ಮುಖ, ಮತ್ತೆ ಮತ್ತೆ. ಹಣೆಯ ಮೇಲೆ ಜಾರಿದ ಕೂದಲು, ಮೂಗಿನ ಕೆಳಗೆ ಗಿಡ್ಡ ಮೀಸೆ.

ಆರನೆಯ ಕ್ಲಾಸಿನಲ್ಲಿರುವ ಮೊಮ್ಮಗ ಹತ್ತಿರ ಬಂದು, "ತಾತಾ, ಚಾರ್ಲಿ ಚಾಪ್ಲಿನ್ ಅಲ್ಲವಾ?" ಎಂದ. ಅಲ್ಲಪ್ಪ, ಹಿಟ್ಲರ್ ಎಂದೆ.

ಈ ಚಿತ್ರ ಬರೆದವರು ಇಂಗ್ಲೆಂಡಿನ ಸಿರಿಲ್ ಕೆನೆತ್ ಬರ್ಡ್. 'ಫುಗಾಸ್' ಎಂಬ ಹೆಸರಿನಲ್ಲಿ ಬರೆಯುತ್ತಿದ್ದರು. ಫುಗಾಸ್ ಎಂದರೆ ನೆಲದಲ್ಲಿ ಹುದುಗಿಸುವ ಒಂದು ಬಗೆಯ ಸಿಡಿಮದ್ದು. ಎರಡನೆಯ ಮಹಾಯುದ್ಧ ಶುರುವಾದ ಮೇಲೆ, 1940ರಲ್ಲಿ, ಅಲ್ಲಿನ ಸರ್ಕಾರಕ್ಕೆ ಒಂದು ಚಿಂತೆ ಹತ್ತಿತು. ಜನ ಬಾಯಿಗೆ ಬಂದದ್ದು ಆಡುತ್ತಾರೆ. ಮಗ ಯಾವ ಹಡಗಿನಲ್ಲಿ ಹೊರಟ, ಗಂಡನ ಕಾರ್ಖಾನೆಯಲ್ಲಿ ಏನು ತಯಾರಾಗುತ್ತದೆ, ಎಲ್ಲವೂ ಬೀದಿಗೆ ಬರುತ್ತದೆ. ಅದು ಶತ್ರುವಿನ ಕಿವಿಗೆ ಬಿದ್ದರೆ ಹಡಗೇ ಮುಳುಗೀತು. ಹಾಗೆಂದು ಗದರಿಸುವ ನೋಟೀಸು ಅಂಟಿಸಿದರೆ ಓದುವವರು ಯಾರು? ಫುಗಾಸ್ ನಗಿಸುತ್ತ ಹೇಳಿದರು. ಈ ಸಾಲಿನಲ್ಲಿ ಎಂಟು ಚಿತ್ರಗಳು. ಒಂದರಲ್ಲಿ ಇಬ್ಬರು ಹೆಂಗಸರು ಗಾಡಿಯಲ್ಲಿ ಕುಳಿತು ಊರ ಸುದ್ದಿ ಹೇಳಿಕೊಳ್ಳುತ್ತಿದ್ದಾರೆ. ಹಿಂದಿನ ಸೀಟಿನಲ್ಲಿ ಹಿಟ್ಲರ್, ಪಕ್ಕದಲ್ಲಿ ಎದೆ ತುಂಬ ಪದಕ ತೊಟ್ಟ ದಢೂತಿ ಗೋರಿಂಗ್. ನನ್ನ ಗೋಡೆಯ ಚಿತ್ರದ ಅಡಿಬರಹದಲ್ಲಿ ಇರುವುದು ನಮ್ಮ ಅಜ್ಜಿಯ ಬಾಯಲ್ಲಿದ್ದ ಮಾತೇ: ಗೋಡೆಗೂ ಕಿವಿ ಇದೆ.

ಕಟ್ಟು ಹಾಕಿಸಲು ಫ್ರೇಮಿನ ಅಂಗಡಿಗೆ ಒಯ್ದೆ. ಅಲ್ಲಿಗೆ ಬರುವುದು ಕುಮಾರಸ್ವಾಮಿಯ ಪಟ, ಮದುವೆಯ ಫೋಟೊ, ಇಲ್ಲವೇ ತೀರಿಕೊಂಡವರ ಫೋಟೊ. ಹುಡುಗ ಬಹಳ ಹೊತ್ತು ನೋಡಿ, "ಸಾರ್, ಇವರು ನಿಮ್ಮ ಸಂಬಂಧಿಕರಾ? ಹಾರ ಹಾಕೋಕೆ ಮೊಳೆ ಬಿಡಲಾ?" ಎಂದು ಮೆಲ್ಲಗೆ ಕೇಳಿದ.

ಮನೆಯಲ್ಲಿ ತಕರಾರು ಬೇರೆ. "ಲಕ್ಷಾಂತರ ಜನರನ್ನು ಕೊಂದ ರಾಕ್ಷಸ. ಅವನ ಮುಖ ಪಡಸಾಲೆಯಲ್ಲಿ ಯಾಕೆ? ಅದೂ ನಗೋದಕ್ಕೆ?" ಎಂದಳು ನನ್ನ ಹೆಂಡತಿ. ಮಾತು ಸುಳ್ಳಲ್ಲ. ನಾನು ಎರಡು ದಿನ ಚಿತ್ರವನ್ನು ಬೀರುವಿನ ಹಿಂದೆ ಇಟ್ಟೆ. ಆಮೇಲೆ ಓಣಿಯಲ್ಲಿ ಕಟ್ಟುತ್ತಿದ್ದ ಹೊಸ ಮನೆಯ ಮುಂದೆ ತೂಗುಹಾಕಿದ್ದ ದೃಷ್ಟಿಬೊಂಬೆಯನ್ನು ತೋರಿಸಿದೆ. ಕೋರೆಹಲ್ಲು, ಹೊರಚಾಚಿದ ನಾಲಗೆ. ನಾವೂ ರಾಕ್ಷಸನನ್ನು ಮನೆ ಮುಂದೆ ಕಟ್ಟುತ್ತೇವಲ್ಲ, ಪೂಜೆಗೇನೂ ಅಲ್ಲವಲ್ಲ ಎಂದೆ. ಅವಳು ಒಪ್ಪಿದಳೆಂದು ಹೇಳಲಾರೆ. ದೇವರ ಕೋಣೆಗೆ ಎದುರಾಗಿ ಬೇಡ ಎಂದಳು ಅಷ್ಟೆ.

ಯುದ್ಧದಲ್ಲಿ ನಗುವುದು ಸರಿಯೇ ಎಂಬ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಓದಿ ನೋಡಿದಾಗ ತಿಳಿದದ್ದು ಇಷ್ಟು. ಫುಗಾಸ್ ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರಾಗಿದ್ದರು. 1915ರಲ್ಲಿ ಗಲಿಪೊಲಿಯಲ್ಲಿ ಶೆಲ್ ಸಿಡಿದು ಬೆನ್ನುಮೂಳೆಗೆ ಏಟು ಬಿತ್ತು. ಬಹುಕಾಲ ಚಿಕಿತ್ಸೆಯಲ್ಲಿದ್ದು, ಆ ದಿನಗಳಲ್ಲೇ ಅಂಚೆ ಪಾಠದ ಮೂಲಕ ಚಿತ್ರ ಕಲಿತರು. ಮುಂದಿನ ಯುದ್ಧದಲ್ಲಿ ಸರ್ಕಾರಕ್ಕೆ ಚಿತ್ರ ಬರೆದುಕೊಟ್ಟಾಗ ದುಡ್ಡು ತೆಗೆದುಕೊಳ್ಳಲಿಲ್ಲ. ಇನ್ನೊಬ್ಬರು ಬ್ರೂಸ್ ಬೇರ್ನ್ಸ್‌ಫಾದರ್. ಹುಟ್ಟಿದ್ದು 1887ರಲ್ಲಿ, ಆಗ ಹಿಂದುಸ್ತಾನದಲ್ಲೇ ಇದ್ದ ಮರ್ರೀ ಎಂಬ ಗಿರಿಧಾಮದಲ್ಲಿ. ಅವರೂ ಅದೇ 1915ರಲ್ಲಿ ಈಪ್ರ್ ಕದನದಲ್ಲಿ ಪೆಟ್ಟು ತಿಂದು ಆಸ್ಪತ್ರೆ ಸೇರಿದವರು. ದಪ್ಪ ಮೀಸೆಯ 'ಓಲ್ಡ್ ಬಿಲ್' ಎಂಬ ಮುದಿ ಸಿಪಾಯಿಯನ್ನು ಬರೆದು ನಗಿಸಿದರು. ಕೆಸರಿನ ಗುಂಡಿಯಲ್ಲಿ ಕುಳಿತು, ಮೇಲೆ ಗುಂಡು ಹಾರುತ್ತಿರುವಾಗ, ಇದಕ್ಕಿಂತ ಒಳ್ಳೆಯ ಗುಂಡಿ ಗೊತ್ತಿದ್ದರೆ ಅಲ್ಲಿಗೇ ಹೋಗಯ್ಯಾ ಎಂದು ಜೊತೆಗಾರನಿಗೆ ಗೊಣಗುವ ಮುದುಕ. ಜನ ಆ ಮುದುಕನನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಪಿಂಗಾಣಿ ತಟ್ಟೆಯ ಮೇಲೂ ಬಂದ. ನಗಿಸಿದ ಇಬ್ಬರೂ ಗಾಯಗೊಂಡವರು. ದೂರ ನಿಂತು ನಕ್ಕವರಲ್ಲ.

ನಮ್ಮಲ್ಲೂ ಅದೇ ಯುದ್ಧದ ನಡುವೆ, 1942ರಲ್ಲಿ, ವೈದ್ಯರಾಗಿದ್ದ ಡಾ. ಎಂ. ಶಿವರಾಂ ಅವರು 'ಕೊರವಂಜಿ' ಶುರು ಮಾಡಿದರು. 'ರಾಶಿ' ಎಂದರೆ ಹಳಬರಿಗೆ ಗೊತ್ತು. ಮೈಸೂರಿನಲ್ಲಿ ಓದುತ್ತಿದ್ದ ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದರು. 1967ರವರೆಗೆ ನಡೆಯಿತು. ನಮ್ಮಪ್ಪ ಅದರ ಚಿತ್ರಗಳನ್ನು ಕತ್ತರಿಸಿ ಮೈದಾ ಅಂಟಿನಿಂದ ಬಾಗಿಲ ಹಿಂದೆ ಅಂಟಿಸುತ್ತಿದ್ದರು. ಸುಣ್ಣ ಹೊಡೆಯುವವರು ಒಂದು ಯುಗಾದಿಗೆ ಎಲ್ಲವನ್ನೂ ಕೆರೆದು ಹಾಕಿದರು. ಇವತ್ತಿಗೂ ಆ ಸಿಟ್ಟು ಹೋಗಿಲ್ಲ ನನಗೆ.

ಆದರೆ ಈ ಚಿತ್ರವನ್ನೇ ನಾನು ಪಟ್ಟು ಹಿಡಿದು ಹಾಕಿಸಿದ್ದಕ್ಕೆ ಬೇರೆ ಕಾರಣ ಇದೆ. ಮೊಮ್ಮಗ ಕೇಳಿದ: "ತಾತಾ, ಮಾತಾಡಿದರೆ ಅಷ್ಟೆಲ್ಲ ಆಗುತ್ತಾ?" ನಲವತ್ತು ವರ್ಷ ಯಾರಿಗೂ ಹೇಳದಿದ್ದುದನ್ನು ಅವನಿಗೆ ಹೇಳಿದೆ.

ಬ್ಯಾಂಕಿಗೆ ಸೇರಿದ ದಿನವೇ ನಮ್ಮಿಂದ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಗಿರಾಕಿಗಳ ಲೆಕ್ಕ ಹೊರಗೆ ಬಾಯಿ ಬಿಡುವುದಿಲ್ಲ ಎಂದು. ನಾನೂ ಹಾಕಿದ್ದೆ. 1983ರಲ್ಲಿ, ಒಂದು ಹಳ್ಳಿಯ ಶಾಖೆಯಲ್ಲಿ, ಒಬ್ಬ ರೈತರು ಶೇಂಗಾ ಮಾರಿ ಕಟ್ಟಿದ್ದ 12 ಸಾವಿರ ರೂಪಾಯಿ ತೆಗೆದುಕೊಂಡು ಹೋದರು. ಮಗಳ ಮದುವೆಗೆ. ಸಂಜೆ ಚಹಾದಂಗಡಿಯಲ್ಲಿ ಜೊತೆಯವನಿಗೆ ನಾನು ಅದನ್ನು ಹೇಳಿದೆ. ಕೆಟ್ಟ ಮನಸ್ಸಿನಿಂದಲ್ಲ, ಇಷ್ಟು ದುಡ್ಡು ಒಟ್ಟಿಗೆ ಎಣಿಸಿದೆ ಎಂಬ ಜಂಬ. ಹಿಂದಿನ ಬೆಂಚಿನಲ್ಲಿ ಕುಳಿತಿದ್ದವರನ್ನು ನೋಡಲಿಲ್ಲ. ಮರುದಿನ ಬೆಳಗಾಗುವ ಮೊದಲೇ ಹಳೆಯ ಸಾಲ ಕೊಟ್ಟವರು ಆ ರೈತರ ಜಗಲಿಯ ಮೇಲೆ ಕುಳಿತಿದ್ದರು. ಬೀಗರ ಎದುರಿಗೇ ಮಾತು ಬೆಳೆಯಿತು. ದುಡ್ಡು ಸಾಲಕ್ಕೆ ಹೋಯಿತು. ಮದುವೆ ನಿಂತಿತು.

ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ಆದರೆ ಆಮೇಲೆ ಬ್ಯಾಂಕಿಗೆ ಬಂದಾಗ ನನ್ನ ಕೌಂಟರ್ ಖಾಲಿ ಇದ್ದರೂ ಪಕ್ಕದ ಸಾಲಿನಲ್ಲಿ ನಿಲ್ಲುತ್ತಿದ್ದರು.

ನಮ್ಮ ಯಶವಂತನಗರದಲ್ಲಿ ಏನನ್ನೇ ತೂಗುಹಾಕಿದರೂ ಅದಿರಿನ ಕೆಂಪು ದೂಳು ಕೂರುತ್ತದೆ. ರಜೆಗೆ ಬಂದಾಗಲೆಲ್ಲ ಮೊಮ್ಮಗ ಸ್ಟೂಲು ಹತ್ತಿ ಆ ಗಾಜು ಒರೆಸುತ್ತಾನೆ. ಮೊನ್ನೆ ಒರೆಸುತ್ತ ಕೇಳಿದ:

"ತಾತಾ, ಆ ಅಕ್ಕನ ಮದುವೆ ಆಮೇಲೆ ಆಯಿತಾ?"

"ಆಯಿತಪ್ಪ, ಎರಡು ವರ್ಷ ಬಿಟ್ಟು."

"ನೀವು ಹೋಗಿದ್ರಾ?"

"ಬ್ಯಾಂಕಿನವರನ್ನೆಲ್ಲ ಕರೆದಿದ್ದರು" ಎಂದೆ. "ನನ್ನನ್ನು ಕರೆದಿರಲಿಲ್ಲ."