ಪೇಪರ್ ಕಾಕಾನ ಬಿಲ್ ಪುಸ್ತಕ

ಬೆಳಗಿನ ಐದೂವರೆ. ಅಂಬೇವಾಡಿ ಇನ್ನೂ ಹೊದಿಕೆಯೊಳಗೇ ಇದೆ. ಕಾಳಿ ನದಿಯ ಕಡೆಯಿಂದ ಎದ್ದ ಮಂಜು ಬೀದಿದೀಪಗಳನ್ನು ಮಸುಕು ಮಾಡಿದೆ. ಹುಬ್ಬಳ್ಳಿಯಲ್ಲಿ ರಾತ್ರಿ ಅಚ್ಚಾದ ಪತ್ರಿಕೆಯ ಕಟ್ಟು ಧಾರವಾಡ, ಹಳಿಯಾಳ ದಾಟಿ ಬಂದು ರಸ್ತೆ ಬದಿಗೆ ಧೊಪ್ಪೆಂದು ಬೀಳುತ್ತದೆ. ಅಲ್ಲಿ ಕಾಯುತ್ತ ನಿಂತವರಿಗೆ ಊರಿನವರು ಇಟ್ಟ ಹೆಸರು ಪೇಪರ್ ಕಾಕಾ. ಮೂವತ್ತು ವರ್ಷಗಳಿಂದ ಅವರಿಗೆ ಬೇರೆ ಹೆಸರಿನ ಅಗತ್ಯವೇ ಬಿದ್ದಿಲ್ಲ.

ಕಟ್ಟು ಬಿಚ್ಚುವುದು, ಪುರವಣಿಯನ್ನು ಒಳಗೆ ಸೇರಿಸುವುದು, ಮಡಿಚುವುದು, ಗಾಡಿಗೆ ಏರಿಸುವುದು. ಮೊದಲು ಈ ಕೆಲಸ ಮುಗಿಯುವ ಹೊತ್ತಿಗೆ ಕೈಯೆಲ್ಲ ಕಪ್ಪಾಗುತ್ತಿತ್ತು. ಈಗ ಕೈಗೆ ಮಸಿ ಹತ್ತುವ ಮೊದಲೇ ಕಟ್ಟು ಮುಗಿದುಹೋಗುತ್ತದೆ. ಮಸಿ ಸುಧಾರಿಸಿದ್ದಕ್ಕಲ್ಲ, ಪ್ರತಿ ಕಡಿಮೆಯಾಗಿದ್ದಕ್ಕೆ.

ಕಾಗದದ ಊರಿಗೇ ಈ ಗತಿ ಬಂದದ್ದು ವಿಚಿತ್ರವೇ ಸರಿ. ಪಕ್ಕದ ದಾಂಡೇಲಿಯ ಹೆಸರು ನಾಡಿಗೆ ಗೊತ್ತಾದದ್ದೇ ಕಾಗದದಿಂದ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲಿನ ಭೋಂಗಾ ಕೇಳಿಯೇ ಎರಡು ತಲೆಮಾರು ಬೆಳೆದವು. ಆದರೆ ಅಲ್ಲಿ ತಯಾರಾಗುವುದು ಬರೆಯುವ, ಪುಸ್ತಕ ಮುದ್ರಿಸುವ ಕಾಗದ. ಪತ್ರಿಕೆಯ ಕಾಗದ ಬೇರೆ. ನಮ್ಮ ನಾಡಿನಲ್ಲಿ ಅದನ್ನು ಒದಗಿಸುತ್ತಿದ್ದ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಯ ಯಂತ್ರಗಳು ಕಳೆದ ದಶಕದ ನಡುವೆಯೇ ನಿಂತವು. ಅಂಬೇವಾಡಿಯ ಹುಡುಗರು ನೋಟುಬುಕ್ಕಿನಲ್ಲಿ ಬರೆಯುವ ಕಾಗದ ಮನೆಯ ಪಕ್ಕದ್ದಿರಬಹುದು. ಅವರ ಊರಿನ ಸುದ್ದಿ ಮಾತ್ರ ಹುಬ್ಬಳ್ಳಿಗೆ ಹೋಗಿ, ಅಚ್ಚಾಗಿ, ಮರಳಿ ಬರಬೇಕು.

ಪತ್ರಿಕೆ ಬಿಡಿಸಿದವರೆಲ್ಲ ಕಾಕಾನ ಜೊತೆ ಜಗಳವಾಡಿ ಬಿಡಿಸಿದವರಲ್ಲ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಕಾಗದ ಮುಟ್ಟಿದರೆ ರೋಗ ಬರುತ್ತದೆಂದು ಹಲವರು ಅಂಜಿದರು. "ಒಂದು ತಿಂಗಳು ಬ್ಯಾಡ ಕಾಕಾ" ಎಂದರು. ಆ ಒಂದು ತಿಂಗಳು ಇನ್ನೂ ಮುಗಿದಿಲ್ಲ. ಉಳಿದವರದು ಒಂದೇ ಮಾತು: "ಮೊಬೈಲಿನ್ಯಾಗ ಎಲ್ಲಾ ಪುಕ್ಕಟೆ ಬರತದಲ್ಲ, ಮತ್ಯಾಕ ಪೇಪರು?"

ಈ 'ಪುಕ್ಕಟೆ' ಎಂಬ ಶಬ್ದ ಕೇಳಿದರೆ ಕಾಕಾನ ಹುಬ್ಬು ಗಂಟಾಗುತ್ತದೆ. ಪೇಪರ್ ಬಿಲ್ಲಿಗೆ ಮೂರು ಸಲ ಅಡ್ಡಾಡಿಸುವ ಮನೆಯಲ್ಲೇ ನಾಲ್ಕು ಮೊಬೈಲುಗಳಿರುತ್ತವೆ. ನಾಲ್ಕಕ್ಕೂ ರೀಚಾರ್ಜ್ ತಪ್ಪುವುದಿಲ್ಲ. "ರೊಕ್ಕ ಕೊಡೂದು ಬಿಟ್ಟಿಲ್ಲವಾ ಮಂದಿ. ಸುದ್ದಿ ಬರದವಗ ಕೊಡೂದು ಬಿಟ್ಟಾರ, ಸುದ್ದಿ ಹೊತ್ತು ತರೂ ಗಾಳಿಗೆ ಕೊಡಾಕತ್ತಾರ" ಎಂದು ಅವರು ಮನೆಯಲ್ಲಿ ಗೊಣಗುತ್ತಾರೆ.

ಈ ಗೊಣಗಾಟ ಕೇಳಿಸಿಕೊಳ್ಳಬೇಕಾದವಳು ಅವರ ಮಗಳು. ಬಿ.ಎ. ಕೊನೆಯ ವರ್ಷ. ಮುಂದೆ ಧಾರವಾಡಕ್ಕೆ ಹೋಗಿ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದಬೇಕೆಂಬುದು ಅವಳ ಹಟ. ಅಷ್ಟೇ ಅಲ್ಲ, ಆಗಲೇ ಮೊಬೈಲಿನಲ್ಲಿ ಊರಿನ ಸುದ್ದಿ ಹೇಳುವ ಒಂದು ಯೂಟ್ಯೂಬ್ ಚಾನೆಲ್ಲನ್ನೂ ಶುರು ಮಾಡಿಬಿಟ್ಟಿದ್ದಾಳೆ. ಅಪ್ಪ ಮಾರುವ ಸರಕಿಗೆ ಮಗಳೇ ಪ್ರತಿಸ್ಪರ್ಧಿ!

"ಬ್ಯಾಂಕ್ ಪರೀಕ್ಷಾ ಬರಿ, ಬಿ.ಎಡ್. ಮಾಡು, ಬ್ಯಾಡ ಅನ್ನೂದಿಲ್ಲ. ಮುಳುಗೂ ದೋಣಿ ಯಾಕ ಹತ್ತತಿ?"

"ಅಪ್ಪಾ, ದೋಣಿ ಮುಳುಗಿದ್ರ ಮಂದಿ ಹೊಳಿ ದಾಟೂದು ಬಿಡ್ತಾರೇನು?"

ಮಗಳ ಉತ್ತರ ಚೆನ್ನಾಗಿತ್ತು. ಆದರೆ ಹೊಸ ದೋಣಿಗೆ ಹುಟ್ಟು ಹಾಕುವವನ ಕೂಲಿ ಯಾರು ಕೊಡಬೇಕು? ಪತ್ರಿಕೋದ್ಯಮ ಓದಬೇಕೆನ್ನುವ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ಊಟದ ಹೊತ್ತಿಗೆ ಏಳುವ ಪ್ರಶ್ನೆ ಇದೇ.

ಪ್ರಶ್ನೆಯೇನೂ ಹೊಸದಲ್ಲ. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಅದು. ಅದರ ನೆನಪಿಗೇ ಈಗಲೂ ಜುಲೈ 1ರಂದು ಪತ್ರಿಕಾ ದಿನ ಆಚರಿಸುತ್ತೇವೆ. ಅದರ ಹಿಂದೆ ಒಂದು ಮಿಷನ್ ಇತ್ತು. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಹುಬ್ಬಳ್ಳಿಯಿಂದ ದಿನಪತ್ರಿಕೆಯಾಗಿ ಬೆಳೆದ 'ಸಂಯುಕ್ತ ಕರ್ನಾಟಕ'ದ ಹಿಂದೆ ದೇಶದ ಕೆಲಸವೆಂಬ ಛಲವಿತ್ತು. ಮುಂದೆ ಪತ್ರಿಕೆ ಉದ್ಯಮವಾಯಿತು. ಆಗ ಅದು ಎರಡು ಕಾಲಿನ ಮೇಲೆ ನಿಂತಿತು. ಒಂದು ಕಾಲು ಓದುಗ ಕೊಡುವ ಬೆಲೆ, ಇನ್ನೊಂದು ಜಾಹೀರಾತು. ಓದುಗ ಕೊಡುವ ಬೆಲೆಯಲ್ಲಿ ಕಾಗದ, ಮಸಿ, ಸಾಗಾಟ, ಏಜೆಂಟರ ಕಮಿಷನ್ ಎಲ್ಲ ಕಳೆದರೆ ಬರೆಯುವವರ ಸಂಬಳಕ್ಕೆ ಉಳಿಯುವುದು ಅಷ್ಟಕ್ಕಷ್ಟೆ. ಚಿನ್ನದಂಗಡಿ, ಟೆಂಡರು, ವಧು–ವರರ ಅಂಕಣ, ಶ್ರದ್ಧಾಂಜಲಿ, ಇವುಗಳ ಹಣದಲ್ಲೇ ಹಳ್ಳಿಯ ಕೊಳವೆಬಾವಿಯ ಸುದ್ದಿಯೂ ಅಚ್ಚಾಗುತ್ತಿತ್ತು.

1996ರಲ್ಲಿ ಡಾ. ಯು.ಬಿ. ಪವನಜ ಅವರು 'ವಿಶ್ವಕನ್ನಡ'ವನ್ನು ಅಂತರಜಾಲಕ್ಕೆ ಏರಿಸಿದಾಗ ಕಾಕಾನಂಥ ಏಜೆಂಟರಿಗೆ ಅದರ ಸುಳಿವೂ ಇರಲಿಲ್ಲ. ದಟ್ಸ್‌ಕನ್ನಡದಂಥ ತಾಣಗಳು ಬಂದವು. ದೂರದೇಶದ ಕನ್ನಡಿಗರು ಓದಿ ಸಂತೋಷಪಟ್ಟರು. ದೊಡ್ಡ ಪತ್ರಿಕೆಗಳೂ ತಮ್ಮ ತಾಣಗಳನ್ನು ತೆರೆದು, ಬೆಳಿಗ್ಗೆ ಮಾರುವುದನ್ನೇ ಅಲ್ಲಿ ಬಿಟ್ಟಿಯಾಗಿ ಹಂಚಿದವು. ಓದುಗರು ಸೇರಲಿ, ಜಾಹೀರಾತು ತಾನಾಗಿ ಬರುತ್ತದೆ ಎಂಬ ಲೆಕ್ಕ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಓದುಗರು ಸೇರಿದ್ದೇನೋ ನಿಜ. ಜಾಹೀರಾತೂ ಬಂತು. ಆದರೆ ಅದರ ದೊಡ್ಡ ಪಾಲು ಹೋದದ್ದು ಗೂಗಲ್, ಫೇಸ್‌ಬುಕ್‌ನಂಥ ಕಂಪನಿಗಳ ಗಲ್ಲೆಗೆ. ಹುಲ್ಲು ಮೇಯಿಸಿದವರು ಒಬ್ಬರು, ಹಾಲು ಕರೆದವರು ಇನ್ನೊಬ್ಬರು.

ಒಂದು ಭಾನುವಾರ ಅಪ್ಪ, ಮಗಳು ಕಾಗದ, ಪೆನ್ನು ಹಿಡಿದು ಲೆಕ್ಕಕ್ಕೇ ಕುಳಿತರು. ಯೂಟ್ಯೂಬ್ ಜಾಹೀರಾತಿನ ಪಾಲು ಕೊಡಬೇಕಾದರೆ ಚಾನೆಲ್ಲಿಗೆ 1000 ಚಂದಾದಾರರಿರಬೇಕು. ಮಾಮೂಲಿ ವಿಡಿಯೊಗಳಾದರೆ ಹನ್ನೆರಡು ತಿಂಗಳಲ್ಲಿ ಜನ ಅದನ್ನು ಒಟ್ಟು 4000 ಗಂಟೆ ನೋಡಿರಬೇಕು.

"4000 ಗಂಟಿ ಅಂದ್ರ ಎಷ್ಟು ನಿಮಿಷಾತು?"

"2 ಲಕ್ಷ 40 ಸಾವಿರ."

"ನಿನ್ನ ಸುದ್ದಿ ಎಷ್ಟು ನಿಮಿಷದ್ದು?"

"ಮೂರು."

"ಅಂದ್ರ 80 ಸಾವಿರ ಸಲ ಪೂರಾ ನೋಡಬೇಕು. ದಾಂಡೇಲಿಯ ಮಂದಿ ಎಷ್ಟು?"

2011ರ ಜನಗಣತಿಯಲ್ಲಿ ದಾಂಡೇಲಿ ನಗರದ ಜನಸಂಖ್ಯೆ ಸುಮಾರು 52 ಸಾವಿರ. ತೊಟ್ಟಿಲ ಕೂಸು ಸಹಿತ ಎಲ್ಲರೂ ಒಮ್ಮೆ ನೋಡಿದರೂ ಒಂದು ಸುದ್ದಿಯಿಂದ ಗುರಿ ಮುಟ್ಟದು. ವರ್ಷಕ್ಕೆ ನೂರು ಸುದ್ದಿ ಮಾಡಿದರೆ ಒಂದೊಂದಕ್ಕೂ 800 ನೋಟ ಸಾಕು ಎಂದಳು ಮಗಳು. ಅದೂ ಸರಿಯೇ. ಆದರೆ ಅದು ಬರೀ ಬಾಗಿಲು ತೆರೆಯುವ ಲೆಕ್ಕ. ಅಲ್ಲಿಂದ ಮುಂದಿನ ಗಳಿಕೆ ನೋಟಗಳ ಮೇಲೆ. ವಾರ್ಡಿನ ನಲ್ಲಿಯಲ್ಲಿ ನೀರು ಬರದಿದ್ದರೆ ಆ ವಾರ್ಡಿನವರಷ್ಟೇ ನೋಡುತ್ತಾರೆ. ನಟಿಯ ಮದುವೆ ಮುರಿದರೆ ನಾಡೆಲ್ಲ ನೋಡುತ್ತದೆ.

ಇಲ್ಲಿದೆ ಗಂಟು. ನೋಟಕ್ಕೆ ದುಡ್ಡು ಎಂದಾದ ಮೇಲೆ ಸುದ್ದಿಯ ರುಚಿಯೇ ಬದಲಾಗುತ್ತದೆ. 'ಈ ವಿಷಯ ಕೇಳಿದರೆ ಬೆಚ್ಚಿಬೀಳುತ್ತೀರಿ' ಎಂಬ ತಲೆಬರಹಗಳು ಹುಟ್ಟಿದ್ದು ಬರೆಯುವವರು ಏಕಾಏಕಿ ಕೆಟ್ಟವರಾದದ್ದರಿಂದಲ್ಲ. ಅಂಗಡಿಯ ತಕ್ಕಡಿ ಬದಲಾದದ್ದರಿಂದ. 2024ರಿಂದ ಇನ್ನೊಂದು ಸೇರಿಕೊಂಡಿದೆ. ಗೂಗಲ್‌ನಲ್ಲಿ ಏನಾದರೂ ಹುಡುಕಿದರೆ ಅನೇಕ ಸಲ ಕೃತಕ ಬುದ್ಧಿಮತ್ತೆ ಬರೆದ ಸಾರಾಂಶವೇ ಮೇಲೆ ನಿಂತಿರುತ್ತದೆ. ಅದನ್ನು ಓದಿ ತೃಪ್ತನಾದವನು ಮೂಲ ಸುದ್ದಿಯ ಬಾಗಿಲಿಗೆ ಯಾಕೆ ಹೋಗುತ್ತಾನೆ?

ಹೊರದೇಶಗಳಲ್ಲೂ ಇದೇ ಗೋಳು. ಅಮೆರಿಕದ 'ನ್ಯೂಯಾರ್ಕ್ ಟೈಮ್ಸ್' 2011ರಲ್ಲಿ ತನ್ನ ತಾಣಕ್ಕೆ ಚಂದಾದ ಬೇಲಿ ಹಾಕಿತು. 2023ರ ಕೊನೆಗೆ ಅದರ ಚಂದಾದಾರರು ಒಂದು ಕೋಟಿ ದಾಟಿದರು. ಅವರಲ್ಲಿ ಪದಬಂಧದ ಆಟಕ್ಕೆ, ಅಡುಗೆಯ ಪುಟಕ್ಕೆ ದುಡ್ಡು ಕಟ್ಟುವವರೂ ಇದ್ದಾರೆ. ಕೆನಡಾ 2023ರಲ್ಲಿ, ಸುದ್ದಿ ಬಳಸುವ ದೊಡ್ಡ ಕಂಪನಿಗಳು ಪತ್ರಿಕೆಗಳಿಗೆ ಹಣ ಕೊಡಬೇಕೆಂದು ಕಾನೂನು ಮಾಡಿತು. ಫೇಸ್‌ಬುಕ್‌ನ ಒಡೆಯರಾದ ಮೆಟಾ ಹಣ ಕೊಡುವ ಬದಲು ಆಗಸ್ಟಿನಿಂದ ಅಲ್ಲಿ ಸುದ್ದಿಯನ್ನೇ ತೆಗೆದುಹಾಕಿತು. ಅದೇ ತಿಂಗಳು ಕೆನಡಾದ ಕಾಡುಗಳಿಗೆ ಬೆಂಕಿ ಬಿದ್ದು ಊರೂರೇ ಖಾಲಿಯಾಗುತ್ತಿದ್ದಾಗ, ಅಲ್ಲಿನ ಜನ ಫೇಸ್‌ಬುಕ್‌ನಲ್ಲಿ ಪತ್ರಿಕೆಯ ಸುದ್ದಿಯನ್ನು ಹಂಚಿಕೊಳ್ಳಲಾರದೆ ಪರದಾಡಿದರು.

ಕಾಡಿನ ಬೆಂಕಿ ಅಂಬೇವಾಡಿಗೆ ದೂರದ ಮಾತಾಗಿರಬಹುದು. ನೀರು ದೂರದ ಮಾತಲ್ಲ. ಮಳೆಗಾಲದ ಒಂದು ರಾತ್ರಿ ಎಲ್ಲರ ವಾಟ್ಸ್ಆ್ಯಪಿಗೂ ಒಂದು ವಿಡಿಯೊ ಬಂತು. ಕೆಂಪು ನೀರು ಸೇತುವೆಯ ಮೇಲೆ ಉಕ್ಕಿ ಹರಿಯುತ್ತಿದೆ. ಕೆಳಗೆ ಬರಹ: 'ಸೂಪಾ ಅಣೆಕಟ್ಟೆಯ ಗೇಟುಗಳನ್ನೆಲ್ಲ ತೆರೆದಿದ್ದಾರೆ, ಬೆಳಗಿನೊಳಗೆ ದಾಂಡೇಲಿ ಮುಳುಗುತ್ತದೆ.' ಹೊಳೆಯ ದಂಡೆಯ ಮನೆಗಳಲ್ಲಿ ದೀಪಗಳು ಹತ್ತಿಕೊಂಡವು. ಮುದುಕರನ್ನು ಎಬ್ಬಿಸಿದರು. ಟ್ರಂಕುಗಳು ಹೊರಗೆ ಬಂದವು.

ಮಗಳು ಆ ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದಳು. ಸೇತುವೆಯ ಕಂಬ ನಮ್ಮದಲ್ಲ. ಮೂಲೆಯಲ್ಲಿ ಕಂಡ ಅಂಗಡಿಯ ಬೋರ್ಡು ಮಲಯಾಳಂನದು. ತಾಲೂಕು ಕಚೇರಿಗೆ ಫೋನು ಹಚ್ಚಿದಳು. ಎರಡು ಸಲ ಯಾರೂ ಎತ್ತಲಿಲ್ಲ. ಮೂರನೆಯ ಸಲ ಎತ್ತಿದವರು, ನೀರು ಬಿಡುವ ಸೂಚನೆ ಬಂದಿಲ್ಲವೆಂದು ಸ್ಪಷ್ಟವಾಗಿ ಹೇಳಿದರು. ಅಷ್ಟನ್ನೇ ಅವಳು ಕನ್ನಡದಲ್ಲಿ, ಕೊಂಕಣಿಯಲ್ಲಿ, ಹಿಂದಿಯಲ್ಲಿ ಒಂದೊಂದು ನಿಮಿಷ ಹೇಳಿ ಹಾಕಿದಳು. ಮೂರೂ ಭಾಷೆ ಬೇಕಾಗುವ ಊರು ಅದು. ಅರ್ಧ ಗಂಟೆಯಲ್ಲಿ ದೀಪಗಳು ಒಂದೊಂದಾಗಿ ಆರಿದವು.

ನೋಡಿದವರು ಕೆಲವು ನೂರು ಜನ. ಗಳಿಕೆ ಸೊನ್ನೆ. ಮರುದಿನದ ಪತ್ರಿಕೆಯಲ್ಲಿ ಈ ವಿಷಯ ಇರಲೂ ಇಲ್ಲ. ಪುಟಗಳು ಅಚ್ಚಿಗೆ ಹೋದ ಮೇಲೆ ನಡೆದ ಸಂಗತಿ. ಕಾಕಾ ಮೊದಲ ಸಲ ಮಗಳ ಮೊಬೈಲನ್ನು ಕೈಗೆ ತೆಗೆದುಕೊಂಡು, ಕನ್ನಡಕ ಏರಿಸಿ, ಆ ಒಂದು ನಿಮಿಷವನ್ನು ಎರಡು ಸಲ ನೋಡಿದರು. ಏನೂ ಹೇಳಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಮಾತ್ರ ಕೇಳಿದರು: "ಇದರ ಬಿಲ್ಲು ಯಾರ ಮನಿಗೆ ಒಯ್ಯಬೇಕು?"

ಮಗಳ ಬಳಿ ಉತ್ತರವಿರಲಿಲ್ಲ. ದೊಡ್ಡ ದೊಡ್ಡ ಸಂಪಾದಕರ ಬಳಿಯೂ ಪೂರ್ತಿ ಉತ್ತರವಿಲ್ಲ.

ಆದರೆ ಆ ಪ್ರಶ್ನೆಯ ತೂಕ ಅಂಬೇವಾಡಿಯವರಿಗೆ ಗೊತ್ತಿರಬೇಕು. 2019ರ ನವೆಂಬರಿನಲ್ಲಿ ಅಳ್ನಾವರದಿಂದ ಅಂಬೇವಾಡಿಗೆ ಪ್ರಯಾಣಿಕರ ರೈಲು ಎಷ್ಟೋ ವರ್ಷಗಳ ಮೇಲೆ ಮತ್ತೆ ಬಂತು. ಊರಿಗೆ ಊರೇ ನಿಲ್ದಾಣದಲ್ಲಿತ್ತು. ಮರುವರ್ಷ ಕೊರೊನಾ ಬಂದು ರೈಲು ನಿಂತಿತು. ರೈಲು ಬಂದ ದಿನ ಹಾರ, ಹಸಿರು ಬಾವುಟದ ಚಿತ್ರಕ್ಕೆ ಎಲ್ಲರಿಗೂ ಜಾಗವಿರುತ್ತದೆ. ನಿಂತ ರೈಲು ಯಾಕೆ ಹೊರಡಲಿಲ್ಲ ಎಂದು ತಿಂಗಳ ಮೇಲೆ ತಿಂಗಳು ಕೇಳುವುದು ಬೆಂಗಳೂರಿನ, ದಿಲ್ಲಿಯ ಚಾನೆಲ್ಲಿನ ಕೆಲಸವಲ್ಲ. ಅವರಿಗೆ ಅದರಿಂದ ನೋಟ ಸಿಗದು. ಕೇಳಬೇಕಾದವನು ಇದೇ ನೆಲದವನು. ಅವನ ಹೊಟ್ಟೆ ತುಂಬದಿದ್ದರೆ ಆ ಪ್ರಶ್ನೆಯೂ ಉಪವಾಸ.

ಕೊನೆಗೆ ಕಾಕಾ ಒಂದು ಶರತ್ತು ಹಾಕಿದರು. "ಧಾರವಾಡಕ್ಕ ಹೋಗು, ಓದು. ಆದ್ರ ಅದಕ್ಕೂ ಮೊದಲ ಮೂರು ತಿಂಗಳು ನನ್ನ ಬಿಲ್ ವಸೂಲಿ ಮಾಡು. ರೊಕ್ಕ ಕೇಳಾಕ ನಾಚಿಕಿ ಬರಬಾರದು. ಸುದ್ದಿ ಪುಕ್ಕಟೆ ಅಂತ ಮಂದಿಗೆ ಕಲಿಸಿದವರೇ ಸುದ್ದಿ ಮಂದಿ."

ತಿಂಗಳ ಮೊದಲ ವಾರ ಮಗಳು ಬಿಲ್ ಪುಸ್ತಕ ಹಿಡಿದು ಹೊರಟಳು. ಅದು ಯಾವ ತರಗತಿಯಲ್ಲೂ ಸಿಗದ ಪಾಠ. ಒಂದು ಮನೆಯಲ್ಲಿ ಬಾಗಿಲು ತೆರೆಯಲಿಲ್ಲ, ಒಳಗೆ ಟಿ.ವಿ. ಮಾತ್ರ ಕೇಳುತ್ತಿತ್ತು. ಮಿಲ್ಲಿನಿಂದ ನಿವೃತ್ತರಾದ ಅಜ್ಜ ಒಬ್ಬರು ಎಣಿಸಿ ಹಣ ಕೊಟ್ಟು, ಕೂರಿಸಿ ಚಹಾ ಕುಡಿಸಿ, ಪಿಂಚಣಿಯ ಗೊಂದಲವನ್ನು ಅರ್ಧ ಗಂಟೆ ಹೇಳಿದರು. ಮುಂದಿನ ಓಣಿಯ ಅಜ್ಜಿ, "ನಮ್ಮ ನಲ್ಲಿಗೆ ನೀರು ಬಂದು ಒಂಬತ್ತು ದಿನಾತು, ನಿಮ್ಮ ಪೇಪರಿನ್ಯಾಗ ಯಾಕ ಬರೂದಿಲ್ಲ?" ಎಂದು ಗದರಿಸಿಯೇ ಹಣ ಕೊಟ್ಟಳು. ದುಡ್ಡು ಕೊಟ್ಟವಳಿಗೆ ಗದರಿಸುವ ಹಕ್ಕಿದೆ. ಪುಕ್ಕಟೆ ನೋಡುವವರು ಮುಂದಿನ ವಿಡಿಯೊಕ್ಕೆ ಬೆರಳು ಜಾರಿಸುತ್ತಾರೆ, ಅಷ್ಟೆ.

ಕತ್ತಲಾಗುವಾಗ ಮಗಳು ಮನೆಗೆ ಬಂದಳು. ಕಾಕಾ ಹಣ ಎಣಿಸಿದರು; ಮುಕ್ಕಾಲು ಪಾಲು ಬಂದಿತ್ತು. ರಸೀದಿ ನೋಡಲು ಪುಸ್ತಕ ತಿರುವಿದರೆ ಹಿಂಬದಿಯ ಖಾಲಿ ಪುಟದಲ್ಲಿ ಮಗಳ ಅಕ್ಷರ ಕಂಡಿತು. ಪಿಂಚಣಿ. ಒಂಬತ್ತು ದಿನದ ನಲ್ಲಿ. ಶಾಲೆಯ ಹಿಂದಿನ ಮುರಿದ ಗೋಡೆ. ಅದರ ಕೆಳಗೆ, 'ನಲ್ಲಿಯ ಬಗ್ಗೆ ಮಾಹಿತಿ ಹಕ್ಕಿನ ಅರ್ಜಿ, ಶುಲ್ಕ 10 ರೂಪಾಯಿ, 30 ದಿನ.'

ಕಾಕಾ ವಸೂಲಿಯ ಹಣದಿಂದ ಒಂದು ಹತ್ತರ ನೋಟು ತೆಗೆದು ಆ ಪುಟದ ಮೇಲಿಟ್ಟರು. ಆಮೇಲೆ ಮುಂಬದಿಯ ಪುಟ ತಿರುವಿ, ಖರ್ಚಿನ ಸಾಲಿನಲ್ಲಿ ಎಂದಿನ ಗುಂಡಗಿನ ಅಕ್ಷರದಲ್ಲಿ ಬರೆದರು: 'ಸುದ್ದಿಗೆ, ರೂ. 10.'