ಬೀಸುವ ಧಾಟಿಗೆ ಒಂದು ಆರಾಧನಾ ಗೀತೆ

1 ಅಕ್ಟೋಬರ್ 2023, ಭಾನುವಾರ, ಸಿಂದಗಿ

ಇವತ್ತಿನ ಆರಾಧನೆಯಲ್ಲಿ 126ನೇ ಕೀರ್ತನೆ ಓದಿದರು. ಆರೇ ವಚನಗಳ ಯಾತ್ರಾಗೀತೆ. ಅಳುತ್ತ ಬಿತ್ತಲು ಹೋದವರು ಸಿವುಡು ಹೊತ್ತು ಹಿಗ್ಗಿನಿಂದ ಮರಳಿ ಬರುತ್ತಾರೆಂಬ ಭರವಸೆ ಅದರಲ್ಲಿದೆ. ಮುಂಗಾರು ಕೈಕೊಟ್ಟ ವರ್ಷ ಇದು. ಹಿಂಗಾರಿ ಜೋಳ ಬಿತ್ತೋಣವೆಂದರೆ ಎರಿ ನೆಲದಲ್ಲಿ ಹಸಿ ಇಲ್ಲ. ನಮ್ಮ ಸಭೆಯ ಎಷ್ಟೋ ಮನೆಯವರು ಆಗಲೇ ಪುಣೆ, ಗೋವಾ ಕಡೆ ದುಡಿಯಲು ಹೋಗಿದ್ದಾರೆ. ಓದು ಕೇಳುತ್ತ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಆಮೇಲೆ ಹಾಡಿದ್ದು ಹಳೆಯ ಪುಸ್ತಕದ ಒಂದು ಗೀತೆ, ಜರ್ಮನ್ ಧಾಟಿಯದು. ಧಾಟಿ ಮೇಲೇರಿದ ಕಡೆ ಹಿಂದೆ ಕುಳಿತವರ ದನಿ ನಿಂತುಹೋಯಿತು. ಆ ಗೀತೆಗಳನ್ನು ನಾನು ಪ್ರೀತಿಯಿಂದಲೇ ಹಾಡುತ್ತ ಬೆಳೆದವಳು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ತಮ್ಮ ನಾಡಿನ ಧಾಟಿಗೆ ಕನ್ನಡದ ಪದ ಕೂಡಿಸಿ ಬಿಟ್ಟುಹೋದ ಆಸ್ತಿ ಅದು. ಆದರೆ ಅವರಲ್ಲೇ ಒಬ್ಬರಾದ ಕಿಟೆಲ್ 1862ರಲ್ಲಿ ‘ಕಥಾಮಾಲೆ’ ಪ್ರಕಟಿಸಿದಾಗ ಯೇಸುವಿನ ಚರಿತ್ರೆಗೆ ಈ ನೆಲದ ಛಂದಸ್ಸನ್ನೇ ಆರಿಸಿಕೊಂಡರು. ಆ ದಾರಿ ನನಗೆ ಇನ್ನೂ ಹತ್ತಿರದ್ದು.

ಈ ಕೀರ್ತನೆಗೆ ಒಂದು ಹಾಡು ಬೇಕು. ಓದು ಬಾರದ ತಾಯಂದಿರೂ ಪುಸ್ತಕವಿಲ್ಲದೆ ಹಾಡುವಂಥದ್ದು.

14 ಅಕ್ಟೋಬರ್, ಶನಿವಾರ, ಇಂಡಿ

ಅತ್ತೆಯ ಮನೆಗೆ ಬಂದಿದ್ದೇನೆ. ಬೀಸುವ ಕಲ್ಲು ಪಡಸಾಲೆಯ ಮೂಲೆ ಸೇರಿ ವರ್ಷಗಳೇ ಆಗಿವೆ. ಹಾಡು ಮಾತ್ರ ಅತ್ತೆಯ ಬಾಯಲ್ಲಿ ಹಾಗೇ ಇದೆ. “ಈ ಧಾಟಿ ನನಗ ಕಲಸತ್ತಿ” ಅಂದೆ. “ಕಲಸೂದೇನೈತಿ ಯವ್ವಾ, ಕೈ ತಿರಗಿದ್ರ ತಾನಽ ಬರತೈತಿ” ಎಂದು ಕಲ್ಲಿನ ಮುಂದೆಯೇ ಕುಳಿತಳು. ಫೋನಿನಲ್ಲಿ ಹಿಡಿದುಕೊಂಡೆ. ಕಲ್ಲಿನ ಸದ್ದೂ ಬಂತು, ಬರಲಿ.

ಅತ್ತೆ ಹಾಡಿದ್ದು ಮೂರು ಸಾಲಿನ ತ್ರಿಪದಿ. ಈ ಸೀಮೆಯೇ ಅದರ ಕಣಜ. ಆಗ ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯ ಗೆಳೆಯರು, ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಮತ್ತು ಅವರ ಜೊತೆಯವರು, ಹೆಂಗಸರ ಬಾಯಿಂದ ಹಾಡು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಹೊರತಂದರು. ತ್ರಿಪದಿಯ ವಯಸ್ಸು ಇನ್ನೂ ದೊಡ್ಡದು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಅದು ಸುಮಾರು ಏಳನೇ ಶತಮಾನದಲ್ಲೇ ಕಲ್ಲಿನ ಮೇಲೆ ನಿಂತಿದೆ.

ಅತ್ತೆಯ ಧಾಟಿ ಐದಾರು ಸ್ವರ ಬಿಟ್ಟು ಆಚೆ ಹೋಗುವುದಿಲ್ಲ. ಸಭೆಗೆ ಬೇಕಾದ್ದು ಇದೇ. ಷಡ್ಜದಿಂದ ಧೈವತದೊಳಗೆ ಹಾಡು ಮುಗಿದರೆ ಹಾರ್ಮೋನಿಯಂನ ಕಾಳಿ ಒಂದರ ಶ್ರುತಿಯಲ್ಲಿ ಹೆಂಗಸರೂ ಹಾಡಬಹುದು, ಒಂದು ಸ್ಥಾಯಿ ಕೆಳಗೆ ಗಂಡಸರೂ ಹಾಡಬಹುದು. ಯಾರೂ ಗಂಟಲು ಹರಿದುಕೊಳ್ಳಬೇಕಿಲ್ಲ.

28 ಅಕ್ಟೋಬರ್, ಶನಿವಾರ, ಸಿಂದಗಿ

ಮೊದಲ ನುಡಿ ನಿಂತಿತು.

ಉಡಿಯಾಗ ಬೀಜಿಟ್ಟು ನಡದಾಳ ಹೊಲದಾಕಿ
ಬಿಡದಂಗ ಅಳುವ ಕಣ್ಣಾಕಿ | ನನ ತಂದಿ
ಗುಡುಗೀನ ಮಳಿಯ ಕಳಿಸಪ್ಪ

ಹನ್ನೊಂದು ಗಣ, ಆರನೆಯದೂ ಹತ್ತನೆಯದೂ ಗಿಡ್ಡ. ಲೆಕ್ಕ ಸರಿ ಬಂತು. ಎರಡನೆಯ ನುಡಿ ದುಡಿಯಲು ದೂರ ಹೋದವರದು. ಮೂರನೆಯದರಲ್ಲಿ ಸಿವುಡು ಹೊತ್ತು ಕಣಕ್ಕೆ ಬರುತ್ತಾರೆ. ಯೇಸುವಿನ ಹೆಸರು ಕೊನೆಯ ನುಡಿಯಲ್ಲಿ ಬರುತ್ತದೆ. ನೆಲಕ್ಕೆ ಬಿದ್ದು ಸಾಯುವ ಗೋದಿಯ ಕಾಳಿನ ಮಾತು ಯೋಹಾನನ ಸುವಾರ್ತೆಯಲ್ಲಿದೆಯಲ್ಲ, ಅದನ್ನು ಅಲ್ಲಿಗೆ ತಂದೆ. ಬಿತ್ತುವವರ ಹಾಡಿಗೆ ಶಿಲುಬೆ ಹೊರಗಿನಿಂದ ಬರಬೇಕಾಗಲಿಲ್ಲ.

ಸಂಜೆ ನಮ್ಮ ಸಭೆಯ ಅಯ್ಯನವರಿಗೆ ತೋರಿಸಿದೆ. “ಬೀಸೂ ಹಾಡಿನ ಧಾಟಿ ಆರಾಧನಾಕ್ಕ ಒಪ್ಪತೈತೇನವಾ?” ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. 120ರಿಂದ 134ರವರೆಗಿನ ಹದಿನೈದು ಕೀರ್ತನೆಗಳು ಯಾತ್ರೆಯ ಹಾಡುಗಳು, ನಡೆಯುವವರ ಬಾಯಿಗೆ ಒಗ್ಗಿದವು ಎಂದೆ. ಗಡಿಯಾಚೆಯ ಮರಾಠಿಯ ಮಾತೂ ಬಂತು. ನಾರಾಯಣ ವಾಮನ ಟಿಳಕರು (1861–1919) ಸಂತರ ಅಭಂಗದ ದಾರಿಯಲ್ಲೇ ಕ್ರಿಸ್ತನ ಭಜನೆ ಕಟ್ಟಿದರು. ಅವರು ಅರ್ಧಕ್ಕೆ ಬಿಟ್ಟ ‘ಕ್ರಿಸ್ತಾಯನ’ವನ್ನು ಹೆಂಡತಿ ಲಕ್ಷ್ಮೀಬಾಯಿ ಮುಂದುವರಿಸಿದರು. ಮರಾಠಿ ಸಭೆಗಳು ಅವರ ಹಾಡುಗಳನ್ನು ತಮ್ಮವೆಂದೇ ಹಾಡುತ್ತವೆ. ಅಯ್ಯನವರು ಕಾಗದವನ್ನು ಮತ್ತೊಮ್ಮೆ ಓದಿ, ಪ್ರಾರ್ಥನೆ ಮಾಡಿ ಕೊಟ್ಟರು.

5 ನವೆಂಬರ್, ಭಾನುವಾರ, ಬಸವನ ಬಾಗೇವಾಡಿ

ಮಧ್ಯಾಹ್ನ ತಬಲಾ ಹುಡುಗನನ್ನು ಕಂಡೆ. ಗುಡಿಯ ಭಜನೆಯಲ್ಲಿ ನುಡಿಸುವವನು, ನನ್ನ ಹಳೆಯ ವಿದ್ಯಾರ್ಥಿ. ಹಾಡು ಕೇಳಿ ಮೊದಲು ಕೆಹರವಾದ ಎಂಟು ಮಾತ್ರೆ ಹಾಕಿದ, ಆಮೇಲೆ ಕೈ ಬಿಗಿಹಿಡಿದ. “ಅಕ್ಕಾರ, ನೀವು ಮೊದಲ ಹಾಡ್ರಿ. ನಾ ನಿಮ್ಮ ಹಿಂದ ಬರ್ತೀನ್ರಿ.”

ಅವನ ಕಿವಿ ಸೂಕ್ಷ್ಮ. ತ್ರಿಪದಿಯ ಅಂಶಗಣಗಳನ್ನು ಹಾಡುವವರು ಎಳೆದರೆ ಹಿಗ್ಗುತ್ತವೆ, ಬಿಟ್ಟರೆ ಕುಗ್ಗುತ್ತವೆ. ಎರಡನೆಯ ಸಾಲನ್ನು ಮತ್ತೊಮ್ಮೆ ಹಿಡಿದು ಮೂರನೆಯದಕ್ಕೆ ಇಳಿಯುವಾಗ ಕಾಲ ಒಂದಿಷ್ಟು ನಿಧಾನವಾಗುವುದೇ ಅದರ ಚೆಲುವು. ಈಗಿನ ರೆಕಾರ್ಡಿಂಗ್ ಎಂದರೆ ಮೊದಲು ಕಿವಿಯಲ್ಲಿ ಮೆಟ್ರೊನೋಮಿನ ಟಿಕ್ ಟಿಕ್, ಅದರ ಮೇಲೆ ತಾಳ, ಅದರ ಮೇಲೆ ದನಿ. ಬೀಸುವ ಹಾಡಿಗೆ ಅದು ಒಗ್ಗದು. ನಾವು ಮೊದಲು ದನಿ, ಆಮೇಲೆ ತಬಲಾ ಎಂದು ಗೊತ್ತು ಮಾಡಿದೆವು.

ಜನ ಆಡುವ ಮಾತಿನಲ್ಲೇ ದೇವರೊಂದಿಗೆ ಮಾತಾಡಿದ ಬಸವಣ್ಣ ಹುಟ್ಟಿದ ಊರಿದು. ಇಲ್ಲಿ ಕೂತು ಈ ಹಾಡಿಗೆ ತಾಳ ಹುಡುಕಿದ್ದು ನನಗೆ ಆಶೀರ್ವಾದವೆನಿಸಿತು.

18 ನವೆಂಬರ್, ಶನಿವಾರ, ಸಿಂದಗಿ

ರಾತ್ರಿ ರೆಕಾರ್ಡಿಂಗ್. ಒಳಕೋಣೆಯೇ ಸ್ಟುಡಿಯೋ. ಗೋಡೆಗಳಿಗೆ ಅವ್ವ ಹೊಲಿದ ಕೌದಿಗಳನ್ನು ಇಳಿಬಿಟ್ಟೆ, ಮೂಲೆಗೆ ಜೋಳದ ಚೀಲ ಸರಿಸಿದೆ. ಬರಿಯ ಸಿಮೆಂಟ್ ಗೋಡೆಗೆ ಬಡಿದು ದನಿ ಮೊಳಗುತ್ತದೆ. ಕೌದಿಯ ಹಳೆಯ ಸೀರೆಗಳ ಪದರುಗಳು ಅದನ್ನು ಹೀರಿಕೊಳ್ಳುತ್ತವೆ. ಫ್ಯಾನ್ ಬಂದ್, ಕಿಟಕಿ ಬಂದ್. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆಯೇ ನಡೆಯಲಿ ಎಂದು ಮೊದಲೇ ಚಾರ್ಜ್ ಮಾಡಿಟ್ಟಿದ್ದೆ.

ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟ್ ಆಡಿಯೋ ಇಂಟರ್‌ಫೇಸಿನಿಂದ ಸಿಗುತ್ತದೆ. ಸಾಫ್ಟ್‌ವೇರ್ ಆಡಾಸಿಟಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. 24 ಬಿಟ್, 44.1 ಕಿಲೋಹರ್ಟ್ಸ್ ಇಟ್ಟುಕೊಂಡೆ. ಎಷ್ಟು ಎತ್ತರಿಸಿ ಹಾಡಿದರೂ ಮಟ್ಟ ಮೈನಸ್ 6 ಡೆಸಿಬೆಲ್ ದಾಟಬಾರದು. ಒಡೆದ ದನಿಯನ್ನು ಆಮೇಲೆ ಸರಿಮಾಡುವುದು ಕಷ್ಟ. ಹಾರ್ಮೋನಿಯಂ ಷಡ್ಜವನ್ನಷ್ಟೇ ಹಿಡಿದು ಹೆಡ್‌ಫೋನಿನಲ್ಲಿ ಕೇಳುತ್ತ ಹಾಡಿದೆ. ಅತ್ತೆ ಇಂಡಿಯಿಂದ ಬಂದಿದ್ದಳು. ಎರಡನೆಯ ನುಡಿಯನ್ನು ಅವಳೇ ಹಾಡಿದಳು. ಅವಳ ಮಗ ಗೋವಾದಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದಾನೆ. ಆ ಸಾಲಿನಲ್ಲಿ ಅವಳ ದನಿ ನಡುಗಿತು. ಮತ್ತೊಮ್ಮೆ ಹಾಡಿಸಲಿಲ್ಲ. ಅದು ಹಾಗೇ ಇರಬೇಕು.

26 ನವೆಂಬರ್, ಭಾನುವಾರ, ಸಿಂದಗಿ

ತಬಲಾ ಕೂಡಿಸಿ ಹದ ಮಾಡಿ ಮುಗಿಸಿದೆ. ದನಿ ಮುಂದೆ, ತಾಳ ಹಿಂದೆ, ಪ್ರತಿಧ್ವನಿ ತೀರಾ ಕಡಿಮೆ. ಪದ ಸ್ಪಷ್ಟವಾಗಿ ಕೇಳದಿದ್ದರೆ ಆರಾಧನಾ ಗೀತೆಗೆ ಬೇರೆ ಯಾವ ಸೊಗಸಿದ್ದೂ ಫಲವಿಲ್ಲ. ನಾಲ್ಕು ನಿಮಿಷದ ವೇವ್ ಫೈಲ್ ಸುಮಾರು 60 ಎಂಬಿ ಆಗುತ್ತದೆ, ಅದು ಮನೆಯಲ್ಲಿರಲಿ. 128 ಕೆಬಿಪಿಎಸ್‌ನ ಎಂಪಿ3 ನಾಲ್ಕು ಎಂಬಿಯಷ್ಟೇ. ಸಾದಾ ಫೋನಿಗೂ ಹೋಗುತ್ತದೆ, ಗೋವಾದ ಶೆಡ್ಡಿಗೂ ಹೋಗುತ್ತದೆ.

1957ರ ಕೃತಿಸ್ವಾಮ್ಯ ಕಾಯಿದೆಯಂತೆ ಪದ ನನ್ನದು. ಆದರೆ ಆರಾಧನೆಯಲ್ಲಿ ಹಾಡಲು ಅದೇ ಕಾಯಿದೆ ಅವಕಾಶ ಕೊಡುತ್ತದೆ. ಹಾಡುವವರು ಯಾರೂ ನನ್ನನ್ನು ಕೇಳಬೇಕಿಲ್ಲ ಎಂದು ಹಾಡಿನ ಹಾಳೆಯ ಕೆಳಗೆ ಬರೆದಿದ್ದೇನೆ. ಧಾಟಿ ಈ ನಾಡಿನ ತಾಯಂದಿರದು ಎಂದೂ ಬರೆದಿದ್ದೇನೆ.

ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರ ಸಾರಿದೆ. ಇಂಥ ವರ್ಷ ಸುಗ್ಗಿಯ ಹಾಡು ಹಾಡುವುದು ವಿಶ್ವಾಸದ ಕೆಲಸವೇ.

10 ಡಿಸೆಂಬರ್, ಭಾನುವಾರ, ಮುದ್ದೇಬಿಹಾಳ

ತಾಳಿಕೋಟೆ ದಾಟಿ ಇಲ್ಲಿನ ಪ್ರಾರ್ಥನಾ ಕೂಟಕ್ಕೆ ಬಂದೆ. ರೆಕಾರ್ಡ್ ಹಾಕಲಿಲ್ಲ. ಮೊದಲ ನುಡಿಯನ್ನು ಬಾಯಲ್ಲೇ ಹೇಳಿಕೊಟ್ಟೆ. ಎರಡನೆಯ ನುಡಿಗೆ ಹೆಂಗಸರು ನನಗಿಂತ ಮುಂದೆ ಇದ್ದರು, ಧಾಟಿ ಅವರಿಗೆ ಮೊದಲೇ ಗೊತ್ತಿತ್ತು. ಒಬ್ಬ ಅಜ್ಜಿ ತನ್ನದೇ ಒಂದು ನುಡಿ ಕೂಡಿಸಿ ಹಾಡಿದಳು, ಆಸ್ಪತ್ರೆಯಲ್ಲಿರುವ ಮೊಮ್ಮಗನಿಗಾಗಿ. ಅದನ್ನೂ ಬರೆದುಕೊಂಡೆ.

ರೆಕಾರ್ಡಿಂಗ್ ಬೇಕು, ದೂರದಲ್ಲಿರುವವರಿಗೆ ಹಾಡು ಮುಟ್ಟಿಸಲು. ಆದರೆ ಸಭೆಯ ಹಾಡು ಸಭೆಯ ಬಾಯಲ್ಲೇ ಬಾಳಬೇಕು. ಹೊಸ ಗೀತೆ ಬರೆಯಲು ಹೊರಡುವ ನಮ್ಮ ತರುಣರಿಗೆ ನಾನು ಹೇಳುವುದು ಇಷ್ಟೇ: ಕೀಬೋರ್ಡ್ ತೆರೆಯುವ ಮೊದಲು ನಿಮ್ಮ ಮನೆಯ ಹಿರಿಯ ಹೆಂಗಸಿನ ಹತ್ತಿರ ಕೂತು ಅವಳ ಹಾಡು ಕೇಳಿ, ಅವಳಿರುವಾಗಲೇ ಅದನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಿ.