ಹುಳದ ಮನೇಲಿ ಸಿಗ್ನಲ್ ಸಿಗಲ್ಲ

‘ಎನ್‌ಪಿಎಂ ಇನ್‌ಸ್ಟಾಲ್’, ಆಮೇಲೆ ‘ಎನ್‌ಪಿಎಂ ರನ್ ಡೆವ್’. ಈ ಎರಡು ಸಾಲು ಕುಟ್ಟಿದರೆ ಲೋಕಲ್‌ಹೋಸ್ಟ್ 5173ರಲ್ಲಿ ಪುಟ ತೆರೆದುಕೊಳ್ಳುತ್ತೆ. ವೀಟ್ ಬಳಸೋರಿಗೆಲ್ಲ ಗೊತ್ತಿರೋ ಖುಷಿ ಇದು. ಆದರೆ ಲೋಕಲ್‌ಹೋಸ್ಟ್ ಅಂದರೆ ನಮ್ಮದೇ ಲ್ಯಾಪ್‌ಟಾಪು. ಇನ್ನೊಬ್ಬರ ಕೈ ಸೇರೋವರೆಗೆ ಅದು ನಮ್ಮ ಆಟದ ಸಾಮಾನು ಅಷ್ಟೆ.

ನಾನು ಬರೆದದ್ದು ಚಿಕ್ಕಮ್ಮನಿಗೆ, ರೇಷ್ಮೆ ಲೆಕ್ಕಕ್ಕೆ. ಕಬ್ಬಾಳಮ್ಮನ ದರ್ಶನಕ್ಕೆ ಬಂದವರಿಗೆ ಕಬ್ಬಾಳು ಗೊತ್ತು, ಬೆಟ್ಟದ ಕೆಳಗಿನ ನಮ್ಮ ಹುಳದ ಮನೆ ಗೊತ್ತಿರಲಿಕ್ಕಿಲ್ಲ :) ಚಾಕಿ ಹುಳ, ಗೊಬ್ಬರ, ಆಳು, ಚಂದ್ರಿಕೆ, ರಾಮನಗರದ ಮಾರ್ಕೆಟ್ಟಿಗೆ ಗೂಡು ಸಾಗಿಸಿದ ಗಾಡಿ ಬಾಡಿಗೆ... ಎಲ್ಲ ಚಿಕ್ಕಮ್ಮನ ನೋಟ್‌ಬುಕ್ಕಲ್ಲಿತ್ತು. “ಹುಳ ಬಿಟ್ಟು ತೆಂಗು ಹಾಕನ” ಅಂತ ಚಿಕ್ಕಪ್ಪ ವರ್ಷದಿಂದ ಹೇಳ್ತಿದ್ರು. ಹುಳ ಗಿಟ್ಟುತ್ತೋ ಇಲ್ವೋ ಅಂತ ಮಾತ್ರ ಯಾರೂ ಕೂಡಿ ನೋಡಿರಲಿಲ್ಲ.

‘ಎನ್‌ಪಿಎಂ ರನ್ ಬಿಲ್ಡ್’ ಕೊಟ್ಟರೆ ‘ಡಿಸ್ಟ್’ ಅನ್ನೋ ಪುಟ್ಟ ಫೋಲ್ಡರ್ ಸಿಗುತ್ತೆ. ನೋಡ್ ಮಾಡ್ಯೂಲ್ಸ್‌ನ ಆ ದೊಡ್ಡ ಮೂಟೆ ಸರ್ವರಿಗೆ ಹೋಗಬೇಕಿಲ್ಲ. ಈ ಫೋಲ್ಡರ್ ಸಾಕು, ಪುಕ್ಕಟೆ ಹೋಸ್ಟಿಂಗೂ ಸಾಕು. ಆದರೆ ಹುಳದ ಮನೇಲಿ ಸಿಗ್ನಲ್ ಸಿಗಲ್ಲ, ಚಿಕ್ಕಮ್ಮ ಸೊಪ್ಪು ಹಾಕುತ್ತಾ ಲೆಕ್ಕ ಬರೆಯೋದು ಅಲ್ಲೇ. ಅದಕ್ಕೇ ಸರ್ವಿಸ್ ವರ್ಕರ್ ಹಾಕಿದೆ. ಒಮ್ಮೆ ತೆರೆದ ಪುಟಗಳನ್ನು ಅದು ಫೋನಲ್ಲೇ ಇಟ್ಟುಕೊಂಡು, ನೆಟ್ ಇಲ್ಲದಾಗ ಅಲ್ಲಿಂದಲೇ ಕೊಡುತ್ತೆ. ಲೋಕಲ್‌ಹೋಸ್ಟ್ ಬಿಟ್ಟು ಬೇರೆ ಕಡೆ ಅದಕ್ಕೆ ಎಚ್‌ಟಿಟಿಪಿಎಸ್ ಬೇಕೇ ಬೇಕು, ನೆನಪಿರಲಿ. ಲೆಕ್ಕವೆಲ್ಲ ಇಂಡೆಕ್ಸ್‌ಡ್‌ಡಿಬಿಯಲ್ಲಿ, ಅಂದರೆ ಫೋನಿನೊಳಗೇ. ಫೋನ್ ಹೋದರೆ ಲೆಕ್ಕವೂ ಹೋಗುತ್ತಲ್ಲ, ಅದಕ್ಕೆ ಕಾಪಿ ಇಳಿಸಿಕೊಳ್ಳೋ ಬಟನ್ ಒಂದಿದೆ.

ಒಂದು ಬೆಳೆ ಮುಗಿದು ಮೊತ್ತ ಬಂತು. ಲಾಭ! ಚಿಕ್ಕಪ್ಪ ಖುಷಿಯಾದ್ರು. ಚಿಕ್ಕಮ್ಮ ಫೋನ್ ದಿಟ್ಟಿಸಿ ನೋಡಿ, “ಲೋ ಮಗ, ಆಳಿನ ಕೂಲಿ ಐತೆ. ನಡುರಾತ್ರಿ ಎದ್ದು ಸೊಪ್ಪು ಹಾಕ್ದೋಳ ಕೂಲಿ ಎಲ್ಲೈತೆ? ಒಂದು ಕಾಲಂ ಹಾಕು” ಅಂದ್ರು. ಅವರ ನೋಟ್‌ಬುಕ್ಕಲ್ಲೂ ಯಾವತ್ತೂ ಇರದಿದ್ದ ಕಾಲಂ ಅದು.

‘ಮನೆಯವರ ಕೂಲಿ’ ಸೇರಿಸಿ, ಮತ್ತೆ ಬಿಲ್ಡ್ ಮಾಡಿ ಏರಿಸೋಕೆ ಹತ್ತು ನಿಮಿಷ ಹಿಡೀತು. ಸರ್ವಿಸ್ ವರ್ಕರ್ ಇದ್ದಾಗ ಹೊಸದು ತಕ್ಷಣ ಕಾಣಲ್ಲ; ಸಿಗ್ನಲ್ ಇರೋ ಕಡೆ ಒಮ್ಮೆ ತೆರೆದು, ಪೂರ್ತಿ ಮುಚ್ಚಿ, ಮತ್ತೆ ತೆರೀಬೇಕು. ಚಿಕ್ಕಮ್ಮ ದೇವಸ್ಥಾನದ ಹತ್ತಿರ ಹೋದಾಗ ಆ ಕೆಲಸ ಮಾಡ್ಕೊಂಡು ಬಂದ್ರು. ಇಬ್ಬರ ಕೂಲಿ ಹಾಕಿದ ಮೇಲೆ ಲಾಭ ಅರ್ಧಕ್ಕಿಂತ ಕೆಳಗಿಳೀತು.

ಚಿಕ್ಕಪ್ಪ ಈಗ ತೆಂಗಿನ ಮಾತು ಎತ್ತೋ ಮೊದಲು ಚಿಕ್ಕಮ್ಮನ್ನ ಕೇಳ್ತಾರೆ. ನಿಮ್ಮನೆ ಲೆಕ್ಕದಲ್ಲಿ ಆ ಕಾಲಂ ಇದೆಯಾ?